ಬೈಕ್ ಶೋರೂಮನ್ನು ಎಷ್ಟು ನಂಬಬಹುದು? ಕಾಸರಗೋಡಿನವರಿಗೆ ಖರೀದಿಯಿಂದ ಸರ್ವಿಸ್‌ವರೆಗಿನ ಮಾರ್ಗದರ್ಶಿ

ಅಕ್ಕನ ಮಗನಿಗೆ ಪೆರ್ಲದ ಹತ್ತಿರ ಕೆಲಸ ಸಿಕ್ಕಿತು. ಬಸ್ಸು ಕಾದು ಸಾಕಾಗಿ ಬೈಕ್ ತೆಗೆದುಕೊಳ್ಳಲು ಹೊರಟ. ಫೋನ್ ಮಾಡಿ ಕೇಳಿದ, "ಮಾವ, ಈ ಶೋರೂಮಿನವರು ಹೇಳುವುದನ್ನೆಲ್ಲ ನಂಬಬಹುದಾ?"

ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ನಾಲ್ಕು ಗಾಡಿ ತೆಗೆದುಕೊಂಡಿದ್ದೇನೆ. ನೆಂಟರು, ಪಕ್ಕದ ಮನೆಯವರು ತೆಗೆದುಕೊಳ್ಳುವಾಗ ಜೊತೆಗೆ ಹೋಗಿದ್ದೇನೆ. ಒಳ್ಳೆಯ ಅನುಭವವೂ ಉಂಟು, ಹೊಟ್ಟೆ ಉರಿದದ್ದೂ ಉಂಟು. ಇಷ್ಟರಿಂದ ನಾನು ಕಲಿತದ್ದು ಒಂದು ವಿಷಯ. ಶೋರೂಮಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡರೆ, ಎಲ್ಲಿ ನಂಬಬಹುದು, ಎಲ್ಲಿ ಕಣ್ಣು ತೆರೆದಿರಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ಗಾಡಿ ಮಾರಿದ್ದರಲ್ಲಿ ಡೀಲರಿಗೆ ಉಳಿಯುವುದು ಕಡಿಮೆ. ಬೆಲೆ ಕಂಪನಿಯದ್ದು, ಗಾಡಿ ಕಂಪನಿಯದ್ದು. ಅಲ್ಲಿ ಮೋಸಕ್ಕೆ ಜಾಗ ಜಾಸ್ತಿ ಇಲ್ಲ. ಉಳಿಯುವುದು ಇನ್ಶೂರೆನ್ಸ್ ಕಮಿಷನ್, ಸಾಲ ಮಾಡಿಸಿದ ಕಮಿಷನ್, ಆಕ್ಸೆಸರೀಸ್, ಹಳೆ ಗಾಡಿಯ ಎಕ್ಸ್‌ಚೇಂಜ್ ಮತ್ತು ಸರ್ವಿಸ್‌ನಲ್ಲಿ. ಹಾಗಾಗಿ ನಾವು ಕೂತು ಲೆಕ್ಕ ನೋಡಬೇಕಾದದ್ದೂ ಅಲ್ಲೇ. ಅಳಿಯನ ಜೊತೆ ನಾನು ಹೋದ ದಾರಿಯನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಮಂಗಳೂರಾ, ಕಾಸರಗೋಡಾ?

ಗಡಿಯಲ್ಲಿರುವ ನಮಗೆ ಮೊದಲು ಬರುವ ಪ್ರಶ್ನೆ ಇದು. ಮಂಜೇಶ್ವರ, ಹೊಸಂಗಡಿ, ಉಪ್ಪಳದವರಿಗೆ ತಲಪಾಡಿ ದಾಟಿದರೆ ಮಂಗಳೂರು. ಅಲ್ಲಿ ಶೋರೂಮು ಜಾಸ್ತಿ, ಬಣ್ಣ ಜಾಸ್ತಿ, ಮಾತು ಕನ್ನಡದಲ್ಲಿ. ಹೋಗಿ ನೋಡಿ, ಓಡಿಸಿ ನೋಡಿ, ಏನೂ ತೊಂದರೆ ಇಲ್ಲ. ತೆಗೆದುಕೊಳ್ಳುವ ಮೊದಲು ಮಾತ್ರ ಒಂದು ವಿಷಯ ತಿಳಿದಿರಲಿ.

ನಿಮ್ಮ ಆಧಾರ್ ವಿಳಾಸ ಕೇರಳದ್ದು. ಗಾಡಿ ಇರುವುದೂ ಇಲ್ಲೇ. ಹಾಗಾದರೆ ನಂಬರ್ ಕೇರಳದ್ದೇ, ಅಂದರೆ ಕೆಎಲ್ ಅಂತ ಶುರುವಾಗುವುದೇ ಆಗಬೇಕು. ಡೀಲರ್ ನಿಮ್ಮದೇ ರಾಜ್ಯದಲ್ಲಿದ್ದರೆ ನೋಂದಣಿ ಅರ್ಜಿಯನ್ನು ಅವನೇ ಹಾಕುತ್ತಾನೆ. ನಂಬರ್ ಪ್ಲೇಟ್ ಹಾಕಿಯೇ ಗಾಡಿ ನಿಮ್ಮ ಕೈಗೆ ಕೊಡಬೇಕು ಅಂತ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲೇ ಇದೆ. ಮಂಗಳೂರಿನಲ್ಲಿ ತೆಗೆದುಕೊಂಡರೆ ಅವರು ತಾತ್ಕಾಲಿಕ ನೋಂದಣಿ ಮಾಡಿ ಕೊಡುತ್ತಾರೆ. ಆಮೇಲೆ ಕೇರಳದ ತೆರಿಗೆ ಕಟ್ಟಿ ಇಲ್ಲಿಯ ನಂಬರ್ ಮಾಡಿಸುವ ಓಡಾಟ ನಿಮ್ಮದು.

"ಮಂಗಳೂರಿನ ಒಂದು ವಿಳಾಸ ಕೊಡಿ, ಕೆಎ-19 ಮಾಡಿಸಿ ಕೊಡ್ತೇವೆ" ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಬೇರೆ ರಾಜ್ಯದ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಲೇಬೇಕು. ಕೊಟ್ಟದ್ದು ಸುಳ್ಳು ವಿಳಾಸವಾದರೆ ಅಪಘಾತದ ದಿನ ಇನ್ಶೂರೆನ್ಸ್ ಕಾಗದ ಹಿಡಿದು ಉತ್ತರ ಕೊಡಬೇಕಾದವರು ನೀವೇ. ಆ ಹೊತ್ತಿಗೆ ಸಲಹೆ ಕೊಟ್ಟವನು ಫೋನ್ ಎತ್ತುವುದಿಲ್ಲ.

ವಾರಂಟಿಯ ಬಗ್ಗೆ ಚಿಂತೆ ಬೇಡ. ಎಲ್ಲಿ ತೆಗೆದುಕೊಂಡರೂ ಆ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಿನಲ್ಲೂ ಫ್ರೀ ಸರ್ವಿಸ್ ಮತ್ತು ವಾರಂಟಿ ಸಿಗುತ್ತದೆ. ಆದ್ದರಿಂದ ಮಾರುವವನ ಮಾತಿಗಿಂತ, ಮನೆಗೆ ಹತ್ತಿರದ ಸರ್ವಿಸ್ ಸೆಂಟರ್ ಹೇಗಿದೆ ಅಂತ ಮೊದಲು ವಿಚಾರಿಸಿ. ಒಂದು ಬೆಳಿಗ್ಗೆ ಅಲ್ಲಿ ಗೇಟಿನ ಹತ್ತಿರ ನಿಂತು, ಗಾಡಿ ಬಿಡಲು ಬಂದ ಮೂರು ಜನರನ್ನು ಮಾತಾಡಿಸಿ. ಶೋರೂಮಿನ ಎಸಿಯಲ್ಲಿ ಸಿಗದ ಸುದ್ದಿ ಅಲ್ಲಿ ಸಿಗುತ್ತದೆ.

ಹೆಜ್ಜೆ 2: ಡೀಲರಾ, ಸಬ್ ಡೀಲರಾ?

ನಮ್ಮ ಸಣ್ಣ ಪೇಟೆಗಳಲ್ಲಿ ಕಾಣುವ ಬೋರ್ಡುಗಳಲ್ಲಿ ಎಷ್ಟೋ ಸಬ್ ಡೀಲರ್‌ಗಳದ್ದು. ಸಬ್ ಡೀಲರ್ ಅಂದರೆ ಕೆಟ್ಟವನು ಅಂತ ಅರ್ಥ ಇಲ್ಲ. ಊರಿನವನೇ ಆಗಿರುತ್ತಾನೆ, ನಾಳೆ ಮುಖ ನೋಡಬೇಕಲ್ವಾ ಅನ್ನುವ ದಾಕ್ಷಿಣ್ಯವೂ ಇರುತ್ತದೆ. ಆದರೆ ಬಿಲ್ ಬರುವುದು ಅವನ ಹೆಸರಿನಲ್ಲಿ ಅಲ್ಲ, ಮುಖ್ಯ ಡೀಲರಿನ ಹೆಸರಿನಲ್ಲಿ. ಅಲ್ಲಿ ನಡುವೆ ದುಡ್ಡು ನಿಂತರೆ ಗಾಡಿಯೂ ನಿಲ್ಲುತ್ತದೆ.

ಅದಕ್ಕೆ ಎರಡು ಕೆಲಸ ಮಾಡಿ. ಕಂಪನಿ ಕೊಟ್ಟ ಡೀಲರ್‌ಶಿಪ್ ಕಾಗದ ಮತ್ತು ಆರ್‌ಟಿಒ ಕೊಟ್ಟ ಟ್ರೇಡ್ ಸರ್ಟಿಫಿಕೇಟ್ ಯಾರ ಹೆಸರಿನಲ್ಲಿದೆ ಅಂತ ಕೇಳಿ. ಮತ್ತೆ, ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಯಾರ ಹೆಸರು ಬರುತ್ತದೋ ಅವರ ಬ್ಯಾಂಕ್ ಖಾತೆಗೇ ದುಡ್ಡು ಹಾಕಿ. ಸೇಲ್ಸ್ ಹುಡುಗನ ಗೂಗಲ್ ಪೇ ನಂಬರಿಗೆ ಐನೂರು ರೂಪಾಯಿ ಕೂಡ ಹಾಕಬೇಡಿ. ಬುಕಿಂಗ್ ರಸೀದಿಯಲ್ಲಿ ಮಾಡೆಲ್, ಬಣ್ಣ, ಕೊಡುವ ತಾರೀಕು, ಬುಕಿಂಗ್ ಬೇಡ ಅಂದರೆ ಎಷ್ಟು ವಾಪಸ್, ಇಷ್ಟೂ ಬರೆಸಿ.

ಹೆಜ್ಜೆ 3: ಆನ್-ರೋಡ್ ಬೆಲೆಯನ್ನು ಬಿಚ್ಚಿ ನೋಡಿ

ಇದರ ಮೇಲೆ ಹೊತ್ತು ಹಾಕಿ. ಬಾಯಲ್ಲಿ ಹೇಳುವ ಒಂದು ದೊಡ್ಡ ಮೊತ್ತಕ್ಕೆ ತಲೆ ಆಡಿಸಬೇಡಿ. ಸಾಲು ಸಾಲಾಗಿ ಬರೆದ, ಸೀಲ್ ಹಾಕಿದ ಕೊಟೇಶನ್ ಕೇಳಿ.

ಮೊದಲ ಸಾಲು ಎಕ್ಸ್-ಶೋರೂಮ್ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮೊದಲಿನ ಗಾಡಿಯ ಬೆಲೆ. ಜಿಎಸ್‌ಟಿ ಇದರೊಳಗೇ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡದಕ್ಕೆ 40 ಶೇಕಡ. ಕಂಪನಿಯ ವೆಬ್‌ಸೈಟಿನಲ್ಲಿ ಕೇರಳ, ಕಾಸರಗೋಡು ಅಂತ ಆರಿಸಿದರೆ ಇದೇ ಬೆಲೆ ಕಾಣಬೇಕು. ಗಾಡಿಯನ್ನು ಶೋರೂಮಿಗೆ ತಂದ ಖರ್ಚೂ ಇದರಲ್ಲೇ ಸೇರಿರುತ್ತದೆ. ಆಮೇಲೆ ಕೆಳಗೆ 'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್' ಅಂತ ಇನ್ನೊಂದು ಸಾಲು ಕಂಡರೆ ಅದು ಬೇಡ ಅನ್ನಿ. ಜಗಳ ಬೇಕಿಲ್ಲ. "ಇದು ಯಾವುದಕ್ಕೆ ಅಂತ ರಸೀದಿಯಲ್ಲಿ ಬರೆದು ಕೊಡ್ತೀರಾ?" ಅಂತ ಕೇಳಿದರೆ ಸಾಕು, ಹೆಚ್ಚಾಗಿ ಆ ಸಾಲು ಮಾಯವಾಗುತ್ತದೆ.

ಎರಡನೆಯದು ರಸ್ತೆ ತೆರಿಗೆ ಮತ್ತು ನೋಂದಣಿ. ತೆರಿಗೆ 15 ವರ್ಷಕ್ಕೆ ಒಮ್ಮೆಲೇ ಕಟ್ಟುವುದು. ಕೇರಳ ಮತ್ತು ಕರ್ನಾಟಕದ ದರ ಬೇರೆ ಬೇರೆ, ಅದಕ್ಕೇ ಮಂಗಳೂರಿನ ಗೆಳೆಯನ ಬಿಲ್ಲಿಗೂ ನಿಮ್ಮದಕ್ಕೂ ತಾಳೆ ಆಗುವುದಿಲ್ಲ. ಕೇಂದ್ರ ನಿಯಮದ ಪ್ರಕಾರ ಬೈಕ್ ನೋಂದಣಿ ಶುಲ್ಕ 300 ರೂಪಾಯಿ. ಸಾಲ ಇದ್ದರೆ ಹೈಪೋತಿಕೇಶನ್ (ಗಾಡಿ ಸಾಲಕ್ಕೆ ಅಡವು ಅನ್ನುವುದು) ದಾಖಲಿಸಲು 500. ರಾಜ್ಯದ ಸರ್ವಿಸ್ ಚಾರ್ಜ್ ಸ್ವಲ್ಪ ಸೇರುತ್ತದೆ. ನೋಂದಣಿ ಹೆಸರಿನಲ್ಲಿ ಸಾವಿರಗಟ್ಟಲೆ ಬರೆದಿದ್ದರೆ ಬಿಡಿಸಿ ಬರೆಯಲು ಹೇಳಿ. ಕಟ್ಟಿದ ತೆರಿಗೆ, ಶುಲ್ಕಕ್ಕೆ ಸರ್ಕಾರದ ಪರಿವಾಹನ್ ಪೋರ್ಟಲ್‌ನ ರಸೀದಿ ಬರುತ್ತದೆ. ಅದರ ಪ್ರತಿ ಕೊಡಬೇಕು ಅಂತ ಮೊದಲೇ ಹೇಳಿಡಿ. ರಸೀದಿ ಕೇಳುತ್ತಾರೆ ಅಂತ ಗೊತ್ತಾದರೆ ಮೊತ್ತ ತಾನಾಗಿ ಸರಿಯಾಗುತ್ತದೆ.

ಮೂರನೆಯದು ಇನ್ಶೂರೆನ್ಸ್. ಶೋರೂಮಿನವರು ಗಟ್ಟಿಯಾಗಿ ಹಿಡಿದುಕೊಳ್ಳುವುದು ಇದನ್ನೇ. ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹಾಗೆ. ಅದರ ದರ ಸರ್ಕಾರ ನಿಗದಿ ಮಾಡಿದ್ದು, ಯಾವ ಕಂಪನಿಯಲ್ಲಿ ಮಾಡಿದರೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿಯ ಹೊಸ ಬೈಕಿಗೆ 5 ವರ್ಷಕ್ಕೆ 3,851 ರೂಪಾಯಿ, 150ರಿಂದ 350 ಸಿಸಿಗೆ 7,365 ರೂಪಾಯಿ. ಅದರ ಮೇಲೆ ಜಿಎಸ್‌ಟಿ. ವ್ಯತ್ಯಾಸ ಬರುವುದು ನಮ್ಮ ಗಾಡಿಯ ಸ್ವಂತ ಹಾನಿಗೆ ಮಾಡುವ ವಿಮೆಯಲ್ಲಿ. ಅದು ಒಂದೇ ವರ್ಷಕ್ಕೆ ಸಾಕು.

ವಿಮೆ ಎಲ್ಲಿ ಮಾಡಿಸಬೇಕು ಅನ್ನುವುದು ನಿಮ್ಮ ಇಷ್ಟ. "ನಮ್ಮಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಗಾಡಿ ಕೊಡೋದಿಲ್ಲ" ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಹಾಗಂತ ಶೋರೂಮಿನ ವಿಮೆ ಯಾವಾಗಲೂ ಕೆಟ್ಟದ್ದಲ್ಲ. ಅಪಘಾತ ಆದಾಗ ಅವರದ್ದೇ ವರ್ಕ್‌ಶಾಪಿನಲ್ಲಿ ಕ್ಯಾಶ್‌ಲೆಸ್ ಕೆಲಸ ಸುಲಭವಾಗಿ ಆಗುತ್ತದೆ. ಹೊರಗಿನ ಒಂದು ಕೊಟೇಶನ್ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಎರಡನ್ನೂ ಪಕ್ಕಪಕ್ಕ ಇಡಿ. ಐಡಿವಿ, ಅಂದರೆ ಗಾಡಿ ಕಳವಾದರೆ ವಿಮೆಯವರು ಲೆಕ್ಕ ಹಿಡಿಯುವ ಅದರ ಬೆಲೆ, ಎರಡರಲ್ಲೂ ಒಂದೇ ಇದೆಯಾ ಅಂತ ನೋಡಿ. ಹೊಸ ಗಾಡಿಗೆ ಅದು ಎಕ್ಸ್-ಶೋರೂಮ್ ಬೆಲೆಯ 95 ಶೇಕಡ ಇರಬೇಕು. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ಮಾಡಿ ತೋರಿಸಿದರೆ ಅದು ಉಳಿತಾಯ ಅಲ್ಲ. ಮಾಲೀಕನಿಗೆ 15 ಲಕ್ಷದ ಅಪಘಾತ ವಿಮೆಯೂ ಬೇಕು. ಬೇರೆ ಗಾಡಿಯ ಜೊತೆ ಅದು ನಿಮಗೆ ಈಗಾಗಲೇ ಇದ್ದರೆ ಮತ್ತೊಮ್ಮೆ ದುಡ್ಡು ಕೊಡಬೇಕಿಲ್ಲ. ಇದನ್ನು ಅವರಾಗಿ ಹೇಳುವುದು ಅಪರೂಪ.

ನಾಲ್ಕನೆಯದು ಆಕ್ಸೆಸರೀಸ್. ಅಳಿಯನ ಕೊಟೇಶನ್‌ನಲ್ಲಿ 'ಕಿಟ್' ಅಂತ ಒಂದೇ ಪದ ಇತ್ತು. ಒಳಗೇನು ಅಂತ ಕೇಳಿದರೆ ಸಾರಿ ಗಾರ್ಡ್, ಹಿಂದಿನ ಹ್ಯಾಂಡ್ ಗ್ರಿಪ್, ಹೆಲ್ಮೆಟ್, ನಂಬರ್ ಪ್ಲೇಟ್, ಸೀಟ್ ಕವರ್, ಟ್ಯಾಂಕ್ ಕವರ್. ಇದರಲ್ಲಿ ಸೀಟ್ ಕವರ್, ಟ್ಯಾಂಕ್ ಕವರ್ ಮಾತ್ರ ನಮ್ಮ ಇಷ್ಟದ್ದು. ಸಾರಿ ಗಾರ್ಡ್, ಹಿಡಿಕೆ, ಫುಟ್‌ರೆಸ್ಟ್ ಇವೆಲ್ಲ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲಿ ಗಾಡಿಯ ಭಾಗವೇ. ಐಎಸ್‌ಐ ಗುರುತಿನ ಹೆಲ್ಮೆಟ್ ಗಾಡಿ ಮಾರುವಾಗಲೇ ಕೊಡಬೇಕು ಅಂತ ನಿಯಮ 138ರಲ್ಲಿದೆ. 2019ರ ಏಪ್ರಿಲ್ 1ರಿಂದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕೂಡ ಗಾಡಿಯ ಜೊತೆಗೇ ಬರಬೇಕು. ಅಳಿಯ ಈ ನಿಯಮದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ. ಮ್ಯಾನೇಜರ್ ಚೀಟಿ ನೋಡಿ, ಕಿಟ್ ಸಾಲಿನ ಮೇಲೆ ತಾನೇ ಗೆರೆ ಎಳೆದರು.

ಹೆಜ್ಜೆ 4: ಸಾಲ ಬೇಕಾದರೆ

ಶೋರೂಮಿನ ಮೂಲೆಯಲ್ಲಿ ಫೈನಾನ್ಸ್ ಕಂಪನಿಯವರ ಒಂದು ಮೇಜು ಇರುತ್ತದೆ. "ಬರೀ 10 ಪರ್ಸೆಂಟ್" ಅನ್ನುತ್ತಾರೆ. ಫ್ಲ್ಯಾಟಾ, ರೆಡ್ಯೂಸಿಂಗಾ ಅಂತ ಕೇಳಿ. ಫ್ಲ್ಯಾಟ್ ಅಂದರೆ ಕೊನೆಯವರೆಗೂ ಮೊದಲಿನ ಪೂರ್ತಿ ಸಾಲಕ್ಕೆ ಬಡ್ಡಿ, ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿಗೆ ಮಾತ್ರ. ಲೆಕ್ಕ ನೋಡಿ: 80,000 ರೂಪಾಯಿ, 3 ವರ್ಷ, 10 ಶೇಕಡ ಫ್ಲ್ಯಾಟ್. ಬಡ್ಡಿ 24,000. ತಿಂಗಳಿಗೆ ಸುಮಾರು 2,889 ರೂಪಾಯಿ ಕಂತು. ಪ್ರತಿ ತಿಂಗಳು ಅಸಲು ಕಡಿಮೆಯಾಗುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ 80,000ದ ಮೇಲೆಯೇ. ನಿಜವಾದ ಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 18 ಶೇಕಡ ಆಗುತ್ತದೆ. ನಿಮ್ಮ ಬ್ಯಾಂಕಿನ ದರ, ಸಹಕಾರಿ ಸಂಘದ ದರ ಇದರ ಪಕ್ಕ ಇಟ್ಟು ನೋಡಿ.

2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಅದರಲ್ಲಿ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಒಂದೇ ಅಂಕಿಯಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಆ ಕಾಗದ ಕೇಳಿ. ಖಾಲಿ ಫಾರ್ಮಿಗೆ ಸಹಿ ಬೇಡ. ಸಾಲ ತೀರಿದ ಮೇಲೆ ಸಾಲ ಕೊಟ್ಟವರಿಂದ ಫಾರ್ಮ್ 35 ಮತ್ತು ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ) ತೆಗೆದುಕೊಂಡು ಆರ್‌ಸಿಯಿಂದ ಹೈಪೋತಿಕೇಶನ್ ತೆಗೆಸುವುದನ್ನು ಮರೆಯಬೇಡಿ. ಎಷ್ಟೋ ಜನ ಗಾಡಿ ಮಾರುವ ದಿನವೇ ಇದನ್ನು ನೆನಪು ಮಾಡಿಕೊಳ್ಳುತ್ತಾರೆ.

ಹೆಜ್ಜೆ 5: ಹಳೆ ಗಾಡಿ ಕೊಡುವಾಗ

ಎಕ್ಸ್‌ಚೇಂಜ್‌ನಲ್ಲಿ ಸಾವಿರ ರೂಪಾಯಿ ಹೆಚ್ಚುಕಡಿಮೆ ಆಗಲಿ, ಪರವಾಗಿಲ್ಲ. ಹೆಸರು ಬದಲಾಗದಿದ್ದರೆ ಮಾತ್ರ ದೊಡ್ಡ ತಲೆನೋವು. ಕೇರಳದಲ್ಲಿ ಎಐ ಕ್ಯಾಮೆರಾಗಳು 2023ರ ಜೂನ್ 5ರಿಂದ ದಂಡ ಹಾಕುತ್ತಿವೆ. ನೀವು ಕೊಟ್ಟ ಗಾಡಿಯನ್ನು ಯಾರೋ ಹೆಲ್ಮೆಟ್ ಇಲ್ಲದೆ ಓಡಿಸಿದರೆ ಮೆಸೇಜು ನಿಮ್ಮ ಫೋನಿಗೆ ಬರುತ್ತದೆ. ಗಾಡಿ ಕೊಟ್ಟ ತಾರೀಕು, ಗಂಟೆ, ಕಿಲೋಮೀಟರ್ ಬರೆದ ಸೀಲ್ ಹಾಕಿದ ಡೆಲಿವರಿ ನೋಟ್ ತೆಗೆದುಕೊಳ್ಳಿ. ಅಧಿಕೃತ ಹಳೆ ಗಾಡಿ ಡೀಲರ್ ಆಗಿದ್ದರೆ ಗಾಡಿ ಅವರ ಕೈಗೆ ಕೊಟ್ಟದ್ದನ್ನು ತಿಳಿಸುವ ಫಾರ್ಮ್ 29ಸಿಯನ್ನು ಪರಿವಾಹನ್ ಪೋರ್ಟಲ್‌ನಲ್ಲಿ ಹಾಕಿಸಿ. ಅದು ಆದ ಮೇಲೆ ಹೊಣೆ ಅವರದ್ದು.

ಹೆಜ್ಜೆ 6: ಗಾಡಿ ಕೈಗೆ ಬರುವ ದಿನ

ನಮ್ಮಲ್ಲಿ ಗಾಡಿ ಬಂದ ಕೂಡಲೇ ಮಧೂರಿಗೆ ಹೋಗಿ ಪೂಜೆ ಮಾಡಿಸುವ ರೂಢಿ. ಮನೆಯವರೆಲ್ಲ ಬಂದಿರುತ್ತಾರೆ, ನಿಂಬೆಹಣ್ಣು ತಂದಿರುತ್ತಾರೆ, ಹೊತ್ತು ಮೀರುತ್ತದೆ ಅಂತ ಗಡಿಬಿಡಿ. ಆ ಗಡಿಬಿಡಿಯಲ್ಲೇ ನೋಡಬೇಕಾದದ್ದು ತಪ್ಪಿ ಹೋಗುತ್ತದೆ. ಅದಕ್ಕೆ ಹಿಂದಿನ ದಿನವೇ, ಹಗಲು ಬೆಳಕಿನಲ್ಲಿ, ಒಬ್ಬರೇ ಹೋಗಿ ಗಾಡಿ ನೋಡಿ. ದುಡ್ಡು ಪೂರ್ತಿ ಕಟ್ಟುವ ಮೊದಲು, ನೋಂದಣಿಗೆ ಕಳಿಸುವ ಮೊದಲು. ನಂಬರ್ ಆದ ಮೇಲೆ ಗಾಡಿ ಬದಲಿಸಿ ಕೊಡಿ ಅಂದರೆ ಆಗುವುದಿಲ್ಲ.

ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಹೆಚ್ಚಿನ ಬೈಕ್‌ಗಳಲ್ಲಿ ಬಲಗಡೆ ಕತ್ತಿನ ಹತ್ತಿರ ಚಾಸಿ ನಂಬರ್ ಕಾಣುತ್ತದೆ. 17 ಅಕ್ಷರ, ಅಂಕಿ. ಫೋಟೋ ತೆಗೆದು ಇನ್‌ವಾಯ್ಸ್, ವಿಮೆ, ಸೇಲ್ ಸರ್ಟಿಫಿಕೇಟ್ ಎಲ್ಲದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸೇಲ್ ಸರ್ಟಿಫಿಕೇಟ್ ಅಂದರೆ ಫಾರ್ಮ್ 21. ಅದರಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ನೋಡಿ. 1025 ಅಂದರೆ 2025ರ 10ನೇ ವಾರದಲ್ಲಿ ಮಾಡಿದ ಟಯರು.

ಅಳಿಯನಿಗೆ ತೋರಿಸಿದ ಗಾಡಿ ಒಂಬತ್ತು ತಿಂಗಳು ಹಳೆಯದು. ಹೊರಗೆ ಹೊಳೆಯುತ್ತಿತ್ತು. ಸೀಟ್ ಎತ್ತಿ ನೋಡಿದರೆ ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹುಡಿ, ಚೈನಿನ ಕೊಂಡಿಗಳ ನಡುವೆ ಸಣ್ಣಗೆ ತುಕ್ಕು. ಒಂದು ಮಳೆಗಾಲ ಅದು ಯಾರ್ಡಿನಲ್ಲಿ ನಿಂತು ಕಳೆದಿತ್ತು. "ಇದು ಬೇಡ, ಹೊಸ ಸ್ಟಾಕ್ ಬರಲಿ" ಅಂದೆವು. ಸೇಲ್ಸ್ ಹುಡುಗನಿಗೆ ಬೇಸರ ಆಯಿತು, ಆದರೆ ಹತ್ತು ದಿನದಲ್ಲಿ ಬೇರೆ ಗಾಡಿ ತರಿಸಿ ಕೊಟ್ಟರು. ಹಳೆ ಸ್ಟಾಕ್ ತೆಗೆದುಕೊಳ್ಳಲೇಬಾರದು ಅಂತಲ್ಲ. ಅದನ್ನು ಹೇಳಿ, ಬೆಲೆ ಇಳಿಸಿ, ಬ್ಯಾಟರಿ ಬದಲಿಸಿ ಕೊಟ್ಟರೆ ತೆಗೆದುಕೊಳ್ಳಬಹುದು. ಹೇಳದೆ ಕೊಟ್ಟರೆ ತಪ್ಪು.

ಉಳಿದದ್ದು ಬೇಗ ಮುಗಿಯುತ್ತದೆ. ಎಲ್ಲ ಲೈಟು, ಹಾರನ್, ಬ್ರೇಕ್, ಎರಡು ಕೀ, ಟೂಲ್ ಕಿಟ್, ಓನರ್ಸ್ ಮ್ಯಾನುವಲ್. ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟು ಕೆಳಗೆ ಒಂದು ಹಳೆ ಪೇಪರ್ ಹಾಕಿ, ಎಣ್ಣೆ ಬೀಳುತ್ತದಾ ನೋಡಿ.

ಹೆಜ್ಜೆ 7: ಸರ್ವಿಸ್, ಇಲ್ಲೇ ಜಾಸ್ತಿ ಎಚ್ಚರ ಬೇಕು

ಖರೀದಿ ಒಂದು ದಿನದ ಕೆಲಸ. ಸರ್ವಿಸ್ ವರ್ಷಗಟ್ಟಲೆ. ನನಗೆ ಬೇಸರವಾದದ್ದೂ ಇಲ್ಲೇ.

ಕೆಲವು ವರ್ಷದ ಹಿಂದೆ, ಜೂನ್ ಕೊನೆ. ನಮ್ಮ ಮನೆಯ ದಾರಿ ಕೊನೆಯ ಅರ್ಧ ಕಿಲೋಮೀಟರ್ ಮುರ ಮಣ್ಣಿನದ್ದು. ಮಳೆ ಹಿಡಿದರೆ ಕೆಂಪು ಕೆಸರು ಚೈನಿಗೆ ಅಂಟಿ ಒಣಗಿ ಇಟ್ಟಿಗೆ ಹಾಗೆ ಆಗುತ್ತದೆ. ಹಿಂದಿನ ಬ್ರೇಕ್ ಕಿರುಗುಟ್ಟುತ್ತಿತ್ತು. ಗಾಡಿ ಸರ್ವಿಸಿಗೆ ಬಿಟ್ಟೆ. ಸಂಜೆ ಬಿಲ್ಲಿನಲ್ಲಿ 'ಚೈನ್ ಕ್ಲೀನ್ ಆಂಡ್ ಲ್ಯೂಬ್' ಅಂತ ಇತ್ತು, 'ಬ್ರೇಕ್ ಶೂ ರಿಪ್ಲೇಸ್' ಅಂತ ಇತ್ತು. ಬಗ್ಗಿ ಚೈನ್ ಕವರಿನ ಒಳಗೆ ಬೆರಳು ಹಾಕಿದೆ. ಬೆರಳ ತುದಿಗೆ ಬಂದದ್ದು ನಮ್ಮ ಮನೆಯ ದಾರಿಯ ಕೆಂಪು ಮಣ್ಣು. ಎಣ್ಣೆಯ ಪಸೆ ಕೂಡ ಇರಲಿಲ್ಲ.

ಹಳೆ ಬ್ರೇಕ್ ಶೂ ಕೊಡಿ ಅಂದೆ. ಮೆಕ್ಯಾನಿಕ್ ಹುಡುಗ ಒಳಗೆ ಹೋಗಿ ಮೂಲೆಯ ಡಬ್ಬದಿಂದ ಒಂದು ಜೋಡಿ ತಂದ. ಅದು ನನ್ನ ಗಾಡಿಯದ್ದಲ್ಲ, ಅಳತೆಯೇ ಬೇರೆ. ಅವನ ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ ಹೇಳಿದ, "ಅಣ್ಣ, ನಾವು ಇಬ್ಬರೇ ಇರೋದು. ಇವತ್ತು ಇಪ್ಪತ್ತೆರಡು ಗಾಡಿ."

ಆ ಮಾತು ನನಗೆ ಇಂದಿಗೂ ನೆನಪಿದೆ. ಮೆಕ್ಯಾನಿಕ್ ಕೆಟ್ಟವನಲ್ಲ, ಅವನಿಗೆ ಹೊತ್ತಿಲ್ಲ. ಆಫೀಸಿನವರಿಗೆ ತಿಂಗಳ ಗುರಿ ಮುಟ್ಟಬೇಕು. ಆಗದ ಕೆಲಸಕ್ಕೂ ಬಿಲ್ ಹುಟ್ಟುವುದು ಹೀಗೆ. ಸೂಪರ್‌ವೈಸರ್ ಬಂದು ಗಾಡಿ ವಾಪಸ್ ಒಳಗೆ ತೆಗೆದುಕೊಂಡರು, ಕೆಲಸ ಆಯಿತು. ಅಂದಿನಿಂದ ನಾನು ಹೀಗೆ ಮಾಡುತ್ತೇನೆ.

ಶನಿವಾರ, ಸೋಮವಾರ ಹೋಗುವುದಿಲ್ಲ. ಮಂಗಳವಾರ ಅಥವಾ ಬುಧವಾರ, ಬಾಗಿಲು ತೆರೆಯುವ ಹೊತ್ತಿಗೆ ಹೋಗುತ್ತೇನೆ. ಮೊದಲ ನಾಲ್ಕೈದು ಗಾಡಿಗೆ ಸಿಗುವ ಗಮನ ಮಧ್ಯಾಹ್ನ ಬಂದ ಗಾಡಿಗೆ ಸಿಗುವುದಿಲ್ಲ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ ಒಂದು ಸರ್ವಿಸ್ ಮುಗಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಬ್ರೇಕ್, ಚೈನ್, ಟಯರು ಸರಿ ಇರಬೇಕಾದದ್ದು ಆ ನಾಲ್ಕು ತಿಂಗಳು.

ಗಾಡಿ ಬಿಡುವಾಗ ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಅಂತ ಬರೆಯಲು ಬಿಡಬೇಡಿ. ನಿಮ್ಮ ದೂರು ನಿಮ್ಮ ಮಾತಿನಲ್ಲೇ ಬರಬೇಕು: "ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಶಬ್ದ", "ಬೆಳಿಗ್ಗೆ ಸ್ಟಾರ್ಟ್ ಆಗಲು ಮೂರು ಸಲ ಸೆಲ್ಫ್ ಒತ್ತಬೇಕು". ಅಡ್ವೈಸರ್ ಮಲಯಾಳದಲ್ಲಿ ಮಾತಾಡಿದರೆ, ಅರ್ಥ ಆಗದ್ದನ್ನು ಮತ್ತೊಮ್ಮೆ ಕೇಳಲು ನಾಚಿಕೆ ಬೇಡ. ಕಿಲೋಮೀಟರ್, ಪೆಟ್ರೋಲ್ ಮಟ್ಟ, ಅಂದಾಜು ಬಿಲ್, ಮೂರೂ ಕಾರ್ಡಿನಲ್ಲಿ ಇರಲಿ. "ಅಂದಾಜಿಗಿಂತ ಜಾಸ್ತಿ ಆಗುವುದಾದರೆ ಫೋನ್ ಮಾಡಿ, ಬದಲಿಸಿದ ಎಲ್ಲ ಹಳೆ ಭಾಗ ವಾಪಸ್ ಬೇಕು" ಅಂತ ಕೆಳಗೆ ಬರೆಸಿ. ಮೊದಲೇ ಬರೆಸಿದರೆ ಯಾರಿಗೂ ಮುಜುಗರ ಇಲ್ಲ. ಕಾರ್ಡಿನ ಫೋಟೋ ತೆಗೆದುಕೊಳ್ಳಿ.

ಬೇಡದ ಸಾಲುಗಳನ್ನು ಗುರುತಿಸಿ. ಎಂಜಿನ್ ಫ್ಲಶ್, ಡೀಕಾರ್ಬನೈಸಿಂಗ್, ಟೆಫ್ಲಾನ್ ಕೋಟಿಂಗ್, ಪಾಲಿಶ್, ಆಯಿಲ್ ಅಡಿಟಿವ್. ಕಂಪನಿಯ ಮ್ಯಾನುವಲ್‌ನ ಸರ್ವಿಸ್ ಪಟ್ಟಿಯಲ್ಲಿ ಇಲ್ಲದ್ದು ಬೇಡ ಅನ್ನಿ, ವಾರಂಟಿಗೆ ಏನೂ ಆಗುವುದಿಲ್ಲ. ಸಮುದ್ರದ ಬದಿಯವರಿಗೆ ಮಾತ್ರ ತುಕ್ಕು ತಡೆಯುವ ಕೋಟಿಂಗ್ ಉಪಯೋಗಕ್ಕೆ ಬಂದೀತು. ಉಪ್ಪು ಗಾಳಿಗೆ ಸೈಲೆನ್ಸರ್, ಸ್ಟ್ಯಾಂಡ್ ಬೇಗ ಹಾಳಾಗುತ್ತವೆ. ತೋಟದವರಿಗೆ ಇನ್ನೊಂದು ಮಾತು. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದ ಕ್ಯಾನ್ ಬೈಕಿನಲ್ಲಿ ಸಾಗಿಸಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಮೈಲುತುತ್ತು ಲೋಹವನ್ನು ತಿನ್ನುತ್ತದೆ. ಆ ಹಾನಿಗೆ ಯಾವ ವಾರಂಟಿಯೂ ಇಲ್ಲ.

'ಫ್ರೀ ಸರ್ವಿಸ್' ಅಂದರೆ ಕೂಲಿ ಮಾತ್ರ ಫ್ರೀ. ಎಂಜಿನ್ ಆಯಿಲ್, ಫಿಲ್ಟರ್‌ಗೆ ದುಡ್ಡು ಕೊಡಬೇಕು, ಅದು ಮೋಸ ಅಲ್ಲ. ಮೊದಲ ಸರ್ವಿಸ್ ಹೆಚ್ಚಿನ ಗಾಡಿಗಳಿಗೆ 500ರಿಂದ 1,000 ಕಿಲೋಮೀಟರ್ ಒಳಗೆ. ದಿನದ ಲೆಕ್ಕವೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದು. ಆ ಅವಧಿ ಮೀರಿಸಬೇಡಿ, ವಾರಂಟಿ ಇಲ್ಲ ಅನ್ನಲು ಅದೇ ಕಾರಣವಾಗುತ್ತದೆ.

ಕೆಲಸ ಆಗಿದೆಯಾ ಅಂತ ತಿಳಿಯಲು ದೊಡ್ಡ ವಿದ್ಯೆ ಬೇಡ. ಬಿಡುವ ಮೊದಲು ಡ್ರೈನ್ ಬೋಲ್ಟ್, ಏರ್ ಫಿಲ್ಟರ್ ಕವರಿನ ಸ್ಕ್ರೂ, ಆಯಿಲ್ ಫಿಲ್ಟರ್ ಕವರ್ ಮೇಲೆ ನೈಲ್ ಪಾಲಿಶ್‌ನಿಂದ ಸಣ್ಣ ಗೆರೆ ಎಳೆಯಿರಿ, ಅರ್ಧ ಬೋಲ್ಟಿನ ಮೇಲೆ, ಅರ್ಧ ಅದರ ಪಕ್ಕದ ಬಾಡಿಯ ಮೇಲೆ. ಬಿಚ್ಚಿ ಹಾಕಿದ್ದರೆ ಗೆರೆ ಕೂಡುವುದಿಲ್ಲ. ಹೊಸ ಆಯಿಲ್ ಜೇನಿನ ಬಣ್ಣ ಇರುತ್ತದೆ. ಡಿಪ್ ಸ್ಟಿಕ್ ಅಥವಾ ಗಾಜಿನ ಕಿಂಡಿಯಲ್ಲಿ ಮಟ್ಟ ನೋಡಿ. ಬಿಲ್ಲಿನಲ್ಲಿ ಬರೆದ ಅಳತೆ, ಗ್ರೇಡ್ ಮ್ಯಾನುವಲ್‌ನಲ್ಲಿ ಇದ್ದದ್ದೇನಾ ಹೋಲಿಸಿ. ಗೇರ್ ಬೈಕಿಗೆ ಡಬ್ಬದ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 ಅಂತ ಇರಬೇಕು. ಸ್ಕೂಟರಿನ ಎಂಬಿ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಗೇಟ್ ದಾಟುವ ಮೊದಲು ಒಂದು ಸುತ್ತು ಓಡಿಸಿ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಣ್ಣೆ ಬಿದ್ದಿದೆಯಾ ನೋಡಿ.

ಊರ ಗ್ಯಾರೇಜು ಯಾವಾಗ?

ವಾರಂಟಿ ಇರುವಷ್ಟು ಕಾಲ ನಿಗದಿತ ಸರ್ವಿಸ್‌ಗಳನ್ನು ಕಂಪನಿಯಲ್ಲೇ ಮಾಡಿಸಿ, ಬಿಲ್ ಜೋಪಾನ ಮಾಡಿ. ಸಾಫ್ಟ್‌ವೇರ್, ಫ್ಯೂಯಲ್ ಇಂಜೆಕ್ಷನ್, ಎಬಿಎಸ್ ತೊಂದರೆ, ಕಂಪನಿ ರೀಕಾಲ್, ಇವು ಯಾವಾಗಲೂ ಅಲ್ಲೇ ಆಗಬೇಕು. ಆ ಯಂತ್ರ, ಆ ತರಬೇತಿ ಅಲ್ಲಿದೆ, ಅದರಲ್ಲಿ ನಾನು ಅವರನ್ನು ಪೂರ್ತಿ ನಂಬುತ್ತೇನೆ. ವಾರಂಟಿ ಮುಗಿದ ಮೇಲೆ ಬ್ರೇಕ್ ಶೂ, ಕೇಬಲ್, ಚೈನ್, ಟಯರು, ಆಯಿಲ್‌ಗೆ ಒಳ್ಳೆಯ ಊರ ಮೆಕ್ಯಾನಿಕ್ ಸಾಕು. ಭಾಗಗಳನ್ನು ಎಂಆರ್‌ಪಿ ಲೇಬಲ್ ಇರುವ ಕಂಪನಿ ಪ್ಯಾಕೆಟಿನಲ್ಲಿ ನೀವೇ ತಂದು ಕೊಡಿ. ಎಕ್ಸ್‌ಟ್ರಾ ಲೈಟಿಗೆ ವಯರ್ ಕತ್ತರಿಸುವುದು ಮಾತ್ರ ವಾರಂಟಿ ಮುಗಿಯುವ ತನಕ ಬೇಡ.

ಹೆಜ್ಜೆ 8: ಎಡವಟ್ಟು ಆದರೆ

ಮೊದಲು ಸರ್ವಿಸ್ ಮ್ಯಾನೇಜರ್ ಹತ್ತಿರ ಸಮಾಧಾನವಾಗಿ ಮಾತಾಡಿ. ಹೆಚ್ಚಿನದ್ದು ಅಲ್ಲೇ ಮುಗಿಯುತ್ತದೆ. ವಾರಂಟಿ ಕೊಡುವುದಿಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಆಗದಿದ್ದರೆ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಡೀಲರ್ ಹೆದರುವುದು ಕಂಪನಿಗೆ.

ನೋಂದಣಿ, ನಂಬರ್ ಪ್ಲೇಟ್, ತೆರಿಗೆ ವಿಷಯಕ್ಕೆ ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿರುವ ಆರ್‌ಟಿಒಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಈ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ಉಪಯೋಗಿಸದಿದ್ದರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ವಿಮೆಯ ದೂರಿಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಸಹಾಯವಾಣಿ 155255, ಸಾಲದ ದೂರಿಗೆ ರಿಸರ್ವ್ ಬ್ಯಾಂಕಿನ 14448.

ಇವುಗಳಿಂದ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಹೊಸ ಗ್ರಾಹಕ ಕಾಯಿದೆಯಲ್ಲಿ ಗಡಿಯವರಿಗೆ ತುಂಬಾ ಉಪಯೋಗದ ಒಂದು ಮಾತಿದೆ. ದೂರು ಕೊಡುವವರು ತಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಮಂಗಳೂರಿನಲ್ಲಿ ತೆಗೆದುಕೊಂಡಿದ್ದರೂ ಕಾಸರಗೋಡಿನಲ್ಲೇ ಕೇಸ್ ಹಾಕಬಹುದು, ಪ್ರತಿ ವಾಯಿದೆಗೆ ತಲಪಾಡಿ ದಾಟಬೇಕಿಲ್ಲ. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ತೊಂದರೆ ಶುರುವಾದ ದಿನದಿಂದ 2 ವರ್ಷದ ಒಳಗೆ ಕೊಡಬೇಕು.

ಅಳಿಯನ ಮನೆಯಲ್ಲಿ ಈಗ ಒಂದು ನೀಲಿ ಫೈಲ್ ಇದೆ. ಕೊಟೇಶನ್, ಇನ್‌ವಾಯ್ಸ್, ತೆರಿಗೆ ರಸೀದಿ, ಫಾರ್ಮ್ 21, ವಿಮೆ, ಮೂರು ಜಾಬ್ ಕಾರ್ಡು, ಮೂರು ಬಿಲ್ಲು. ಹೋದ ತಿಂಗಳು ಸ್ಪೀಡೋಮೀಟರ್ ಒಳಗೆ ನೀರು ಹೋಗಿ ಮಂಜು ಕಟ್ಟಿತು. "ಮಳೆಗೆ ಹಾಗೆಲ್ಲ ಆಗುತ್ತದೆ" ಅಂತ ಸರ್ವಿಸ್ ಸೆಂಟರಿನವರು ಅಂದರಂತೆ. ಅವನು ಫೈಲ್ ತೆರೆದು, ಎರಡನೇ ಸರ್ವಿಸ್ಸಿನ ಜಾಬ್ ಕಾರ್ಡಿನಲ್ಲಿ ಅದೇ ದೂರು ಬರೆದದ್ದನ್ನು ತೋರಿಸಿದ. ನಾಲ್ಕನೇ ದಿನ ಹೊಸ ಮೀಟರ್ ಬಂತು, ವಾರಂಟಿಯಲ್ಲೇ.